ಎಂಟನೇ ನಂಬರಿನ ಚೀಟಿ

ಮಾರ್ಚ್ 3, ಭಾನುವಾರ. ಬೆಳಿಗ್ಗೆ 7.20

ಉಳಿಗಳಿಗೆ ಸಾಣೆ ಆಯಿತು. ಹರಿತ ನೋಡಲು ಮುಂಗೈ ಕೂದಲು ಬೋಳಿಸಿಕೊಳ್ಳುವ ಕೆಟ್ಟ ಚಟ ನನಗೆ. ನಿನ್ನೆ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನೋಡಿ, "ಏನಮ್ಮ, ಎಕ್ಸ್‌ರೇ ತೆಗೆದೂ ತೆಗೆದೂ ಕೂದಲು ಉದುರ್ತಿದೆಯಾ?" ಅಂದರು. ಅಲ್ಲ ಸಾರ್, ಉಳಿ — ಅಂದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಹೋದರು. ವಾರವಿಡೀ ಎಕ್ಸ್‌ರೇ ತೆಗೆಯುವ ಹೆಂಗಸು ರಜೆ ಬಂದರೆ ಬಡಗಿಯಾಗುತ್ತಾಳೆ ಅಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ನನಗೇ ಬರುವುದಿಲ್ಲ.

ಇವತ್ತು ಅಂಟು ಹಾಕುವ ದಿನ. ಕೈ ಈಗಲೇ ತಣ್ಣಗಾಗಿದೆ.

ಮೊಮ್ಮಕ್ಕಳಿಗೆ ಎರಡಂತಸ್ತಿನ ಮಂಚ. ಮೇಲೆ ಪಟಾಕಿ — ಏಳು ವರ್ಷ, ಬಾಯಿಗೆ ಬೀಗವಿಲ್ಲ. ಕೆಳಗೆ ಚಿಟಿಕೆ — ಮೂರು ವರ್ಷ, ಅಕ್ಕ ಹೇಳಿದ್ದಕ್ಕೆಲ್ಲ ಬಾಲ. ಮರ ಹಳೆ ಬಾಗಿಲುಗಳ ತೇಗ. ಕೆಡವಿದ ಕಟ್ಟಡದ್ದು. ಒಣಗಿ ಒಣಗಿ, ಸೊಟ್ಟಗಾಗುವ ಬುದ್ಧಿಯನ್ನೇ ಬಿಟ್ಟಿದೆ. ಹತ್ತರಿ ಹೊಡೆದು ಮೇಲಿನ ಕೊಳೆ ಹೆರೆದರೆ ಒಳಗಿಂದ ಜೇನಿನ ಬಣ್ಣ, ಚರ್ಮದ ಚೀಲದಂಥ ವಾಸನೆ. ಮಾವು ಸುಲಭ. ಪೈನ್ ಇನ್ನೂ ಸುಲಭ — ಕಲಿತದ್ದೇ ಪೈನ್‌ನಲ್ಲಿ, ಆಸ್ಪತ್ರೆಗೆ ಹೊಸ ಮಿಷಿನ್ ಬಂದ ಪೆಟ್ಟಿಗೆಯ ಹಲಗೆ. ಆದರೆ ಮನಸ್ಸು ಮಾತ್ರ ತೇಗದ ಮೇಲೆ.

ನೆನಪಿಗೆ: ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ. ಅಂಟು ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಿಂದ ಒರೆಸಲೇಬೇಕು.

ಒಟ್ಟು ಹನ್ನೆರಡು ಜಾಯಿಂಟ್. ತಲೆ ಕಡೆ ಒಂದು ಚೌಕಟ್ಟು, ಕಾಲು ಕಡೆ ಒಂದು. ಒಂದೊಂದಕ್ಕೆ ಎರಡು ಕಂಬ, ಮೂರು ಅಡ್ಡಮರ. ಅಡ್ಡಮರದ ತುದಿಯ ನಾಲಿಗೆ ಕಂಬದ ತೂತಿನೊಳಗೆ ಹೋಗಿ ಕೂರಬೇಕು. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಮೊದಲು ಅಂಟಿಲ್ಲದೆ ಎಲ್ಲ ಜೋಡಿಸಿ ನೋಡುತ್ತೇನೆ. ಅದಕ್ಕೆ ನಾನಿಟ್ಟ ಹೆಸರು ರಿಹರ್ಸಲ್. ಪ್ರತಿ ನಾಲಿಗೆಗೂ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಹರಿದು ನಂಬರ್ ಚೀಟಿ. ನಿನ್ನೆ ಸಂಜೆ ರಿಹರ್ಸಲ್ ಮುಗಿದು ಎಲ್ಲ ಬಿಚ್ಚಿಟ್ಟಿದ್ದೇನೆ. ಇವತ್ತು ಒಂದೊಂದೇ ಚೀಟಿ ಕಿತ್ತು ಬೆಂಚಿನ ಅಂಚಿಗೆ ಅಂಟಿಸುವುದು, ನಾಲಿಗೆಗೆ ಅಂಟು ಹಚ್ಚುವುದು, ಕೂಡಿಸುವುದು. ಚೀಟಿ ಬೆಂಚಿನ ಮೇಲಿದೆ ಅಂದರೆ ಆ ಜಾಯಿಂಟ್ ಮುಗಿಯಿತು ಅಂತ.

ಇವರು ನಗುತ್ತಾರೆ. "ಇದಕ್ಕಿಂತ ನಮ್ಮ ರೈಲ್ವೆ ವಾಸಿ ಕಣೇ." ರೈಲು ಗಾರ್ಡಾಗಿ ನಿವೃತ್ತರಾದವರು. ಹಸಿರು ಬಾವುಟ ತೋರಿಸಿದ ಮೇಲೆ ತಿರುಗಿ ನೋಡಿದ ಜನ್ಮವಲ್ಲ. ನನ್ನದು ಹಾಗಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬರ ಬಲ ಮಂಡಿಯ ಫಿಲ್ಮಿಗೆ ಎಡ ಅಂತ ಗುರುತು ಹಾಕಿಬಿಟ್ಟೆ. ಆಪರೇಷನ್ನಿಗೆ ಮುಂಚೆ ನರ್ಸ್ ಹಿಡಿದಳು, ಏನೂ ಆಗಲಿಲ್ಲ. ಅವತ್ತಿನಿಂದ ಗ್ಯಾಸ್ ಆರಿಸಿದ್ದಕ್ಕೂ ಟಿಕ್ ಹಾಕುತ್ತೇನೆ.

ಮಾರ್ಚ್ 3, ಸಂಜೆ 6.00

ಮುಗಿಯಿತು. ಎರಡೂ ಚೌಕಟ್ಟು ಕ್ಲ್ಯಾಂಪಿನ ಬಿಗಿಯಲ್ಲಿ ಮಲಗಿವೆ. ಮೂಲೆಮಟ್ಟ ಇಟ್ಟು ನೋಡಿದೆ, ನೇರ. ಸಂದಿನಿಂದ ಉಕ್ಕಿದ ಅಂಟನ್ನು ಇವರು ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆಯೇ ಒರೆಸಿಕೊಂಡು ಬಂದರು. ಒರೆಸುವ ಕೆಲಸದಲ್ಲಿ ಮನುಷ್ಯ ಪಕ್ಕಾ.

ಮಧ್ಯೆ ಬೀಗಿತ್ತಿ ಬಂದರು, ಮಕ್ಕಳನ್ನು ಕರೆದುಕೊಂಡು. ಮಗಳ ಅತ್ತೆ. ಅಂಗಡಿಯಲ್ಲಿ ಗ್ಯಾರಂಟಿ ಕೊಡುತ್ತಾರೆ, ಅಂಗಡಿ ಮಂಚವೇ ತರೋಣ ಅಂತ ಮೊದಲ ದಿನದಿಂದ ಹೇಳುತ್ತಿರುವವರು. ಧೂಳಿಗೆ ಮೂಗಿಗೆ ಕರ್ಚೀಫು ಹಿಡಿದು ನಿಂತರು.

"ಮೊಳೆ ಹೊಡೆಯಲ್ವಾ ಇವರೇ?"

"ಮೊಳೆ ಯಾಕೆ? ನೋಡಿ" ಅಂದವಳೇ ಕೈಯಲ್ಲಿದ್ದ ಅಡ್ಡಮರವನ್ನು ಅವರ ಕಣ್ಣೆದುರೇ ಕಂಬಕ್ಕೆ ಕೂಡಿಸಿ, ಕೊಡತಿಯಿಂದ ಒಂದೇ ಏಟು. ಟಪ್. ಕೂದಲು ತೂರದ ಹಾಗೆ ಕೂತಿತು. "ಹಿಡಿದು ಅಲ್ಲಾಡಿಸಿ ನೋಡಿ."

ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. "ಹೂಂ" ಅಂದರು. ಅವರ ಒಂದು ಹೂಂ ಅಂದರೆ ಬೇರೆಯವರ ಚಪ್ಪಾಳೆ. ಪಟಾಕಿ ಕುಣಿದಳು — "ಗರಗಸ ಅಜ್ಜಿ ಗೆದ್ರು, ಮನೆ ಅಜ್ಜಿ ಸೋತ್ರು!" ಗರಗಸ ಅಜ್ಜಿ ನಾನು. ಬೀಗಿತ್ತಿಯೂ ನಕ್ಕರು ಅಂತ ಕಾಣುತ್ತದೆ. ಕರ್ಚೀಫಿನ ಹಿಂದೆ ಗೊತ್ತಾಗಲಿಲ್ಲ.

ಖುಷಿ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿ.

ಮಾರ್ಚ್ 10, ಭಾನುವಾರ. ಸಂಜೆ 5.30

ವಾರವೆಲ್ಲ ಉಪ್ಪುಕಾಗದ, ಪಾಲಿಶ್, ಉಪ್ಪುಕಾಗದ, ಪಾಲಿಶ್. ಇವತ್ತು ಮಂಚ ಮಗಳ ಮನೆ ಸೇರಿತು. ಉದ್ದದ ಮರಗಳಿಗೆ ಬೋಲ್ಟು, ಹಲಗೆ ಜೋಡಿಸಿದ್ದು ಅಳಿಯ. ಎರಡು ಗಂಟೆ.

ನಾನು ಮಾಡಿದ ಯಾವುದರ ಮೇಲೂ ನಾನು ಮೊದಲು ಕೂರುವವಳಲ್ಲ. ಸ್ಟೂಲಾಗಲಿ, ಬೆಂಚಾಗಲಿ, ಮೊದಲು ಇವರನ್ನು ಕೂರಿಸಿ ದೂರ ನಿಂತು ನೋಡುತ್ತೇನೆ. "ಪ್ರಯೋಗದ ಇಲಿ" ಅಂತ ತಮ್ಮನ್ನೇ ಕರೆದುಕೊಳ್ಳುತ್ತಾರೆ ಪಾಪ. ಇವತ್ತೂ ಮಲಗಿದರು, ಕೆಳಗಿನ ಅಂತಸ್ತಿನಲ್ಲಿ. ಏಣಿ ಹತ್ತಲು ಮಂಡಿ ಕೇಳಲಿಲ್ಲ. ಮೇಲೆ ಪಟಾಕಿ ಹತ್ತಿದಳು. ಇಳಿಯಲು ಒಪ್ಪಲಿಲ್ಲ. ಊಟದ ತಟ್ಟೆ ಮೇಲಕ್ಕೇ ಬೇಕಂತೆ.

ಮಗಳು ಅಪ್ಪಿಕೊಂಡಳು. "ಅಮ್ಮಾ, ಇದು ನನ್ನ ಮೊಮ್ಮಕ್ಕಳಿಗೂ ಬರತ್ತೆ." ಬೀಗಿತ್ತಿ ಮಂಚದ ಕಂಬಕ್ಕೆ ಕೈ ಒರಗಿಸಿ ನಿಂತಿದ್ದರು. ಏನೋ ಹೇಳಲು ಬಂದವರು ಹೇಳಲಿಲ್ಲ.

ಮಾರ್ಚ್ 12, ಮಂಗಳವಾರ. ಸಂಜೆ 6.40

ಬೆಂಚು ಕ್ಲೀನ್ ಮಾಡುತ್ತಿದ್ದೆ. ಅಂಚಿನಲ್ಲಿ ಚೀಟಿಗಳು. ಕೀಳುತ್ತ ಸುಮ್ಮನೆ ಎಣಿಸಿದೆ.

ಹನ್ನೊಂದು.

ಮತ್ತೆ ಎಣಿಸಿದೆ. ಹನ್ನೊಂದು. ಸಾಲಾಗಿ ಇಟ್ಟೆ. ಒಂದು ಎರಡು ಮೂರು ನಾಲ್ಕು ಐದು ಆರು ಏಳು… ಒಂಬತ್ತು. ಎಂಟು ಇಲ್ಲ.

ಬೆಂಚಿನ ಕೆಳಗೆ ಟಾರ್ಚ್ ಹಾಕಿದೆ. ಹೆರೆದ ಸುರುಳಿಗಳ ಚೀಲ ಸುರಿದು ಬೆರಳಲ್ಲಿ ಕೆದಕಿದೆ. ಏಪ್ರನ್ ಜೇಬು. ಕಸದ ಡಬ್ಬಿ. ಇಲ್ಲ.

ಚೀಟಿ ಬೆಂಚಿನ ಮೇಲಿಲ್ಲ ಅಂದರೆ ನಾಲಿಗೆಯ ಮೇಲೇ ಇದೆ. ನಾಲಿಗೆಯ ಮೇಲಿದೆ ಅಂದರೆ ಅಂಟು ಹಚ್ಚಿಲ್ಲ. ಎಂಟು ಅಂದರೆ ಕಾಲು ಕಡೆಯ ಚೌಕಟ್ಟು, ನಡುವಿನ ಅಡ್ಡಮರ. ಮೇಲಂತಸ್ತಿನ ಹಲಗೆಗಳ ಭಾರ ಹೊರುವುದು ಅದೇ. ಅದರ ಮೇಲೆ ಪಟಾಕಿ. ಅದರ ಕೆಳಗೆ ಚಿಟಿಕೆ.

ಅಂಟಿಲ್ಲದ ಜಾಯಿಂಟ್ ತಕ್ಷಣ ಬೀಳುವುದಿಲ್ಲ. ಅದೇ ಅದರ ಕೆಟ್ಟ ಗುಣ. ಬಿಗಿಯಾಗಿ ಕೂತು ಎಲ್ಲರಿಗೂ ಸಾಚಾ ಅನ್ನಿಸಿಕೊಳ್ಳುತ್ತದೆ. ಮಕ್ಕಳು ದಿನವೂ ಕುಣಿದು ಕುಣಿದು ಕಂಬ ಒಂದೊಂದೇ ನೂಲಿನಷ್ಟು ಹೊರಕ್ಕೆ ಸರಿದು, ಒಂದು ದಿನ…

ಬರೆಯಲಾರೆ.

ಅದೇ ದಿನ, 7.30

ಫೋನ್ ಮಾಡಿದೆ. ಮಗಳಿಗೆ ನಿಜ ಹೇಳಬೇಕು ಅಂತಲೇ ಮಾಡಿದ್ದು. ಫೋನ್ ಎತ್ತಿದ್ದು ಬೀಗಿತ್ತಿ.

"ಪಾಲಿಶ್ ಇನ್ನೂ ಪೂರ್ತಿ ಒಣಗಿಲ್ಲ ಕಣ್ರೀ" ಅಂದೆ. "ವಾಸನೆ ಮಕ್ಕಳಿಗೆ ಒಳ್ಳೇದಲ್ಲ. ಒಂದು ಹತ್ತು ದಿನ ಮಂಚದಲ್ಲಿ ಮಲಗಿಸ್ಬೇಡಿ."

"ನನಗೇನೂ ವಾಸನೆ ಬರ್ತಿಲ್ವಲ್ಲ ಇವರೇ."

"ನಿಮಗೆ ಬರಲ್ಲ. ಮಕ್ಕಳಿಗೆ ಬರತ್ತೆ."

ಎಂಥ ಮಾತು. ಇಟ್ಟ ಮೇಲೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಇವರಿಗೆ ಎಲ್ಲ ಹೇಳಿದೆ. ಪೇಪರ್ ಮಡಚಿದರು. "ಚಿತೆಗೂ ಚಿಂತೆಗೂ ಸೊನ್ನೆಯಷ್ಟೇ ವ್ಯತ್ಯಾಸ. ಚೀಟಿ ಎಲ್ಲೋ ಬಿದ್ದಿರತ್ತೆ." ಬಾವುಟ ತೋರಿಸಿಬಿಟ್ಟರು. ರೈಲು ಮುಂದೆ ಹೋಯಿತು, ನಾನು ಪ್ಲಾಟ್‌ಫಾರಂ ಮೇಲೆ.

ಮಾರ್ಚ್ 13, ಬುಧವಾರ. ಮಧ್ಯಾಹ್ನ 1.15, ಆಸ್ಪತ್ರೆ

ಬೆಳಗಿನಿಂದ ಇಪ್ಪತ್ತಮೂರು ಜನ. ಭುಜ, ಸೊಂಟ, ಪಾದ. ಎಲ್ಲರ ಕೀಲಿನ ಒಳಗೂ ಕಣ್ಣು ಹಾಯಿಸಬಲ್ಲೆ, ನಾನೇ ಮಾಡಿದ ಕೀಲೊಂದನ್ನು ಬಿಟ್ಟು. ಪೋರ್ಟಬಲ್ ಮಿಷಿನ್ ಕಡೆ ಎರಡು ಸಲ ನೋಡಿದೆ. ಮಗಳ ಮನೆಗೆ ತಳ್ಳಿಕೊಂಡು ಹೋದರೆ? ನಗು ಬಂತು, ಆಮೇಲೆ ಅಳು. ತಂದರೂ ಪ್ರಯೋಜನವಿಲ್ಲ. ಮರದೊಳಗೆ ತೆಳ್ಳನೆ ಅಂಟಿದೆಯೋ ಇಲ್ಲವೋ, ಎಕ್ಸ್‌ರೇಯಲ್ಲಿ ಏನು ಕಂಡೀತು.

ನೆನಪಿಗೆ: ಇರುವ ಪರೀಕ್ಷೆ ಒಂದೇ. ಕೊಡತಿಗೆ ಬಟ್ಟೆ ಸುತ್ತಿ ಕಂಬಕ್ಕೆ ಒಳಗಿನಿಂದ ಏಟು. ಅಂಟಿದ್ದರೆ ತಡೆಯುತ್ತದೆ. ಇಲ್ಲದಿದ್ದರೆ ಸಂದು ಬಾಯಿ ಬಿಡುತ್ತದೆ.

ಮಾರ್ಚ್ 14, ಗುರುವಾರ. ಸಂಜೆ 7.00

ಹೋಗಿದ್ದೆ. ಬ್ಯಾಗಿನಲ್ಲಿ ಕೊಡತಿ, ಅದರ ಮೇಲೆ ಎರಡು ಹಳೆ ಟವೆಲ್ಲು. ಮನೆಯಲ್ಲಿ ಬೀಗಿತ್ತಿ ಒಬ್ಬರೇ, ತರಕಾರಿ ಹೆಚ್ಚುತ್ತಿದ್ದರು. ಮಕ್ಕಳು ಶಾಲೆಯಿಂದ ಬಂದಿರಲಿಲ್ಲ. ಪಾಲಿಶ್ ನೋಡಿ ಬರುತ್ತೇನೆ ಅಂತ ರೂಮಿಗೆ ಹೋದೆ. ಗೆಣ್ಣಿನಿಂದ ಅಡ್ಡಮರ ತಟ್ಟಿದೆ. ಕಿವಿ ಇಟ್ಟೆ. ಮತ್ತೆ ತಟ್ಟಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಬೀಗಿತ್ತಿ, ಕೈಯಲ್ಲಿ ಚಾಕು.

"ಕಿವಿಯಿಂದ ಪಾಲಿಶ್ ನೋಡ್ತೀರಾ?"

"ಹುಳ ಗಿಳ ಇದ್ರೆ ಕೇಳಿಸತ್ತೆ."

"ತೇಗಕ್ಕೆ ಹುಳ ಹಿಡಿಯಲ್ಲ ಅಂದಿದ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬ್ಯಾಗನ್ನು ಎದೆಗೆ ಅವಚಿಕೊಂಡೆ. ಅವರು ಬ್ಯಾಗನ್ನೂ ನೋಡಿದರು, ನನ್ನನ್ನೂ ನೋಡಿದರು. ಆಗ ಹೇಳಬಹುದಿತ್ತು. ಇಬ್ಬರೇ ಇದ್ದೆವು. ಒಂದೇ ಒಂದು ಮಾತು. ಆದರೆ ಕಣ್ಣ ಮುಂದೆ ಬಂದದ್ದು ಅಂಗಡಿ ಮಂಚದ ಗ್ಯಾರಂಟಿ ಕಾರ್ಡು. ಟೀ ಕುಡಿದು ವಾಪಸ್ ಬಂದೆ. ಕೊಡತಿ ಬ್ಯಾಗಿನಲ್ಲೇ.

ನಾಚಿಕೆಯಾಗುತ್ತದೆ. ಮಗುವಿನ ತಲೆಗಿಂತ ನನ್ನ ಮಾನ ದೊಡ್ಡದಾಯಿತಲ್ಲ.

ಮಾರ್ಚ್ 17, ಭಾನುವಾರ. ಬೆಳಿಗ್ಗೆ 9.00

ಸಿಕ್ಕಿತು!!

ಮರಗೆಲಸದ ಶೆಡ್ಡಿಗೆ ಅಂತ ಇವರು ಇಟ್ಟುಕೊಂಡ ಚಪ್ಪಲಿಯ ಅಡಿ. ತೊಳೆಯೋಣ ಅಂತ ತಿರುಗಿಸಿದರೆ ಹಿಮ್ಮಡಿಯ ಹತ್ತಿರ ಮೆತ್ತಿಕೊಂಡಿದೆ ಮಹರಾಯ, ಕಪ್ಪಾಗಿದೆ, ಆದರೂ 8 ಅಂತ ಓದಬಹುದು. ಎರಡು ವಾರ ಅದನ್ನು ತುಳಿದುಕೊಂಡೇ ಓಡಾಡಿದ್ದಾರೆ. "ನಾನು ಹೇಳ್ಲಿಲ್ವಾ" ಅಂದರು. ಹೇಳಿದ್ದಿರಿ. ಒಪ್ಪಿದೆ. ಇವತ್ತು ಏನು ಬೇಕಾದರೂ ಒಪ್ಪುತ್ತೇನೆ.

ಹನ್ನೆರಡಕ್ಕೆ ಹನ್ನೆರಡು. ಮಗಳಿಗೆ ಫೋನ್ ಮಾಡಿದೆ — ಪಾಲಿಶ್ ಒಣಗಿದೆ, ಇವತ್ತಿಂದಲೇ ಮಲಗಲಿ. "ಹತ್ತು ದಿನ ಅಂದಿದ್ದೆ?" "ಬಿಸಿಲು ಚೆನ್ನಾಗಿತ್ತಲ್ಲ, ಬೇಗ ಒಣಗಿದೆ." ಹಿಂದೆ ಪಟಾಕಿಯ ಕಿರುಚು ಕೇಳಿಸಿತು. ಎದೆಯ ಮೇಲಿಂದ ತೊಲೆ ಇಳಿಸಿದ ಹಾಗಾಯಿತು.

ಮಾವಿನ ತುಂಡೊಂದು ಬಿದ್ದಿತ್ತು. ಒಂದು ಚಮಚ ಕೆತ್ತಿದೆ, ಸುಮ್ಮನೆ, ಕೈ ಹಗುರಾಗಿದ್ದಕ್ಕೆ.

ಮಾರ್ಚ್ 20, ಬುಧವಾರ. ಸಂಜೆ 5.50

ಮಗಳು ಫೋಟೋ ಕಳಿಸಿದ್ದಾಳೆ. ಮೇಲಂತಸ್ತಿನಲ್ಲಿ ನಾಲ್ಕು ಮಕ್ಕಳು, ಪಟಾಕಿ ಮತ್ತು ಪಕ್ಕದ ಮನೆಯ ಮೂವರು. ಕುಣಿಯುತ್ತಿವೆ, ಎಲ್ಲರ ಕಾಲೂ ಗಾಳಿಯಲ್ಲಿ. ಕೆಳಗೆ ಚಿಟಿಕೆ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದೆ. "ನಿನ್ನ ಮಂಚ ಆನೆ ತಡೆಯತ್ತೆ ಅಮ್ಮಾ" ಅಂತ ಬರೆದಿದ್ದಾಳೆ.

ಖುಷಿಯಾಗಬೇಕು. ಯಾಕೋ ಫೋಟೋವನ್ನೇ ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಚೀಟಿ ಸಿಕ್ಕಿತು, ಸರಿ. ಚೀಟಿ ಸಿಕ್ಕಿದ್ದರಿಂದ ಗೊತ್ತಾದದ್ದೇನು? ಚೀಟಿ ಕಿತ್ತೆ ಅಂತ. ಅಷ್ಟೇ. ಅಂಟು ಹಚ್ಚಿದೆ ಅಂತ ಯಾರು ಹೇಳಿದರು?

ಮೂರನೇ ತಾರೀಖು ಏನು ಬರೆದಿದ್ದೆ ನೋಡೋಣ ಅಂತ ಪುಟ ತಿರುಗಿಸಿದೆ.

"ಕೈಯಲ್ಲಿದ್ದ ಅಡ್ಡಮರವನ್ನು ಅವರ ಕಣ್ಣೆದುರೇ ಕಂಬಕ್ಕೆ ಕೂಡಿಸಿ…"

"ಟಪ್."

ಟಪ್ ಯಾಕೆ? ಅಂಟು ಹಚ್ಚಿದ ನಾಲಿಗೆ ಟಪ್ ಅನ್ನುವುದಿಲ್ಲ. ಪಿಚಕ್ ಅನ್ನುತ್ತದೆ. ಅಂಚಿನ ಸುತ್ತ ಬಿಳಿ ಮಣಿಗಳು ಏಳುತ್ತವೆ. ಅವರು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅಂಟಿದ್ದಿದ್ದರೆ ಕೈಗೆಲ್ಲ ಮೆತ್ತಿಕೊಂಡು ಅವತ್ತೇ ಒಂದು ಮಾತು ಬರುತ್ತಿತ್ತು. ಬರಲಿಲ್ಲ. ಹೂಂ ಅಂದರು ಅಷ್ಟೇ.

ಅದು ಎಂಟಲ್ಲ. ಆಗ ತಲೆ ಕಡೆಯ ಚೌಕಟ್ಟು ನಡೆಯುತ್ತಿತ್ತು. ಅದು ಎರಡು. ಎರಡರ ಚೀಟಿ ಕಿತ್ತಿದ್ದೆ, ಬೆಂಚಿಗೆ ಅಂಟಿಸಿದ್ದೆ, ಥಿನ್ನರ್ ಬಟ್ಟೆಯಲ್ಲಿ ಒರೆಸಿದ್ದೆ, ಅಂಟಿನ ಡಬ್ಬಿಗೆ ಕೈ ಹಾಕುವಾಗ ಅವರು ಬಂದರು. ನಾನು ಜಂಬ ತೋರಿಸಿದೆ. ಕೂತಿತಲ್ಲ ಅಂತ ಮೂರಕ್ಕೆ ಹೋದೆ.

ಎಂಟರ ಹಾಗೆ ಎರಡೂ ನಡುವಿನದೇ. ಮೇಲಂತಸ್ತಿನದೇ. ಪಟಾಕಿಯ ತಲೆ ಇರುವ ಕಡೆ.

ಮಾತು ಮನೆ ಕೆಡಿಸಿತು ಅನ್ನುತ್ತಾರೆ. ಮೂರು ದಿನದಿಂದ ಅವಳು ಅದರ ಮೇಲೆ ಮಲಗುತ್ತಿದ್ದಾಳೆ. ನಾನೇ ಹೇಳಿ ಮಲಗಿಸಿದ್ದು.

ಫೋನ್ ಹೋಗುತ್ತಿಲ್ಲ. ಇವರು ಸ್ಕೂಟರ್ ತೆಗೆದರು. ಹೊರಟೆ

ಮಾರ್ಚ್ 21, ಗುರುವಾರ. ಬೆಳಿಗ್ಗೆ 6.30

ರಜೆ ಹಾಕಿದೆ. ನಿನ್ನೆಯದು ಬರೆದಿಟ್ಟುಬಿಡುತ್ತೇನೆ.

ಬಾಗಿಲು ತೆಗೆದದ್ದೇ ಒಳಗೆ ನುಗ್ಗಿದೆ. "ಎಲ್ಲರೂ ಇಳೀರಿ! ಒಬ್ಬೊಬ್ರೇ! ಕುಣೀಬೇಡಿ!" ನನ್ನ ದನಿಗೆ ಪಕ್ಕದ ಮನೆಯ ಮಗುವೊಂದು ಅಳಲು ಶುರುಮಾಡಿತು. ಪಟಾಕಿಯನ್ನು ಸೊಂಟ ಹಿಡಿದು ಇಳಿಸಿದೆ. ಚಿಟಿಕೆಯನ್ನು ಎಳೆದು ಇವರ ಕೈಗೆ ಕೊಟ್ಟೆ. ಆಮೇಲೆ ಮಗಳ ಮುಂದೆ, ಅಳಿಯನ ಮುಂದೆ, ಬೀಗಿತ್ತಿಯ ಮುಂದೆ ಎಲ್ಲ ಹೇಳಿದೆ. ಚೀಟಿ, ಎಂಟು, ಪಾಲಿಶ್ ಸುಳ್ಳು, ಚಪ್ಪಲಿ, ಎರಡು. ಅಳಿಯ ಹಾಸಿಗೆ, ಹಲಗೆ ತೆಗೆದ. ಕೊಡತಿಗೆ ಟವೆಲ್ ಸುತ್ತಿದೆ.

ಮೊದಲು ಎಂಟು. ಏಟು. ಇನ್ನೊಂದು. ಕಲ್ಲು. ಅಲ್ಲಾಡಲಿಲ್ಲ.

ಎರಡು. ಮೊದಲ ಏಟು ತಪ್ಪಿತು. ಎರಡನೆಯದು ಕಂಬಕ್ಕೆ ಬಿತ್ತು. ಕಂಬಕ್ಕೂ ಅಡ್ಡಮರಕ್ಕೂ ನಡುವೆ ಕಪ್ಪನೆಯ ಒಂದು ಗೆರೆ. ಮೂರನೇ ಏಟಿಗೆ ಗೆರೆಯೊಳಗೆ ನನ್ನ ಉಗುರು ಹೋಯಿತು. ಒಳಗೆ ಒಣ ಮರ. ಒಂದು ಹನಿ ಅಂಟಿಲ್ಲ.

ಅಳಿಯ ಬಗ್ಗಿ ಆ ಗೆರೆಗೆ ತನ್ನ ಉಗುರನ್ನೂ ತೂರಿಸಿ ನೋಡಿದ. ಪಟಾಕಿ ಕೂಡ.

ಮಗಳು ನನ್ನನ್ನೇ ನೋಡುತ್ತಿದ್ದಳು. "ಅನುಮಾನ ಬಂದಿದ್ದು ಯಾವತ್ತು?"

"ಹನ್ನೆರಡನೇ ತಾರೀಖು."

"ಇವತ್ತು ಇಪ್ಪತ್ತು. ಎಂಟು ದಿನ ಅಮ್ಮಾ. ಎಂಟು ದಿನ ನನಗೆ ಪಾಲಿಶ್ ಕಥೆ ಹೇಳಿದೆಯಾ?"

ಮರೆತದ್ದಕ್ಕೆ ಅವಳು ಸಿಟ್ಟಾಗಲಿಲ್ಲ. ಸುಳ್ಳಿಗೆ ಆದಳು. ಚಿಟಿಕೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹಿಂದೆ ಹೋಗಲು ನನಗೆ ಮುಖವಿರಲಿಲ್ಲ.

ಬೀಗಿತ್ತಿ ನೆಲದ ಮೇಲೆ ನನ್ನ ಪಕ್ಕ ಬಂದು ಕೂತರು. ಈಗ ಬರುತ್ತದೆ ಗ್ಯಾರಂಟಿ ಕಾರ್ಡು ಅಂತ ತಲೆ ತಗ್ಗಿಸಿದೆ.

"ಅವತ್ತು ನನ್ನ ಕೈಗೆ ಅಂಟು ತಾಗ್ಲಿಲ್ಲ" ಅಂದರು ಮೆಲ್ಲಗೆ. "ಬಸ್ಸಲ್ಲಿ ಕೈ ನೋಡ್ಕೊಂಡೆ. ಬರೀ ಧೂಳು. ಮಂಚ ಬಂದ ದಿನ ಕೇಳೋಣ ಅಂತ ಬಾಯಿಗೆ ಬಂತು. ಕೇಳಿದ್ರೆ ಕೊಂಕು ತೆಗೀತಾಳೆ ಅಂದ್ಕೋತೀರಿ ಅಂತ ನುಂಗಿಕೊಂಡೆ."

ಕತ್ತೆತ್ತಿ ನೋಡಿದೆ. ಅವರ ಕಣ್ಣಲ್ಲಿ ನೀರು. ಮೊಮ್ಮಗಳು ಮಲಗುವ ಮಂಚ, ಇಬ್ಬರು ಅಜ್ಜಿಯರು, ಇಬ್ಬರ ಬಾಯಿಗೂ ಬೀಗ.

"ಇದನ್ನ ಸೌದೆ ಮಾಡ್ಬಿಡ್ತೀನಿ" ಅಂದೆ.

"ಹನ್ನೊಂದು ಸರಿಯಿರೋದನ್ನ ಯಾರಾದ್ರೂ ಸೌದೆ ಮಾಡ್ತಾರಾ? ಅದಿರ್ಲಿ, ಹನ್ನೊಂದೂ ಸರಿಯಿದೆಯಾ? ಹೊಡೀರಿ. ಎಲ್ಲಾನೂ ಹೊಡೀರಿ."

ಹೊಡೆದೆ. ಅವರು ಟಾರ್ಚ್ ಹಿಡಿದರು. ಹನ್ನೊಂದೂ ಗಟ್ಟಿ.

ಮಾರ್ಚ್ 24, ಭಾನುವಾರ. ಮಧ್ಯಾಹ್ನ 3.40

ಮಗಳ ಮನೆಯಲ್ಲೇ ರಿಪೇರಿ. ನಾಲಿಗೆಯನ್ನು ಪೂರ್ತಿ ಹೊರತೆಗೆಯಲು ಆಗುವುದಿಲ್ಲ, ಉಳಿದವು ಬಿಡುವುದಿಲ್ಲ.

ನೆನಪಿಗೆ: ಸಂದಿಗೆ ತೆಳ್ಳನೆ ಬೆಣೆ ಹೊಡೆದು ಬಾಯಿ ತೆರೆಸಬೇಕು. ದಪ್ಪ ಸೂಜಿಯ ಸಿರಿಂಜಿನಿಂದ ಅಂಟು ಒಳಕ್ಕೆ. ಬೆಣೆ ತೆಗೆದು ಕ್ಲ್ಯಾಂಪ್. ಕ್ಲ್ಯಾಂಪಿಗೂ ಮರಕ್ಕೂ ನಡುವೆ ರಟ್ಟಿನ ತುಂಡು, ಇಲ್ಲದಿದ್ದರೆ ಕಲೆ ಬೀಳುತ್ತದೆ. ಆಮೇಲೆ ಅಡ್ಡಡ್ಡ ತೂತು ಕೊರೆದು ಮರದ ಗೂಟ — ಬರೀ ಎರಡಕ್ಕಲ್ಲ, ಹನ್ನೆರಡಕ್ಕೂ. ಸಣ್ಣ ಸಂದಿಗೆ ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರೆ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಮಾತ್ರ.

ಸಿರಿಂಜು ಕೊಟ್ಟದ್ದು ಆಸ್ಪತ್ರೆಯ ನರ್ಸ್. ಯಾರಿಗೆ ಇಂಜೆಕ್ಷನ್ ಅಂತ ಕೇಳಿದಳು. ಮಂಚಕ್ಕೆ ಅಂದೆ.

ಟಿಕ್ ಹಾಕುವ ಕೆಲಸ ನನ್ನದಲ್ಲ ಈಗ. ಪೆನ್ಸಿಲ್ ಬೀಗಿತ್ತಿಯ ಕೈಯಲ್ಲಿ. "ಅಂಟು ಉಕ್ಕಿದ್ದು ನನ್ನ ಕಣ್ಣಿಗೆ ಕಾಣದೆ ಟಿಕ್ ಇಲ್ಲ" ಅಂತ ಮೂಗಿನ ತುದಿಗೆ ಕನ್ನಡಕ ಏರಿಸಿ ಕೂತಿದ್ದರು. ನಾಲ್ಕನೇ ಗೂಟಕ್ಕೆ ಟಿಕ್ ಕೊಡಲಿಲ್ಲ. ಇನ್ನೊಂದು ಹನಿ ಹಾಕಿಸಿದರು. ಉಕ್ಕಿತು. ಕೊಟ್ಟರು. ಈ ಹೆಂಗಸು ನಮ್ಮ ಎಕ್ಸ್‌ರೇ ಡಿಪಾರ್ಟ್‌ಮೆಂಟಿನಲ್ಲಿ ಇರಬೇಕಿತ್ತು.

ಮಗಳು ಊಟ ಬಡಿಸಿದಳು. "ಇನ್ನೂ ಸ್ವಲ್ಪ?" "ಸಾಕು." ಅಷ್ಟೇ ಮಾತು. ಅಮ್ಮಾ ಅನ್ನಲಿಲ್ಲ. ಅಂದು ಅಡುಗೆಮನೆಗೆ ಹೋದವಳು ನನ್ನ ಪಾಲಿಗೆ ಇನ್ನೂ ಅಲ್ಲೇ ಇದ್ದಾಳೆ.

ಒಂದು ವಾರ ಮಂಚ ಮುಟ್ಟುವ ಹಾಗಿಲ್ಲ. ಈ ಸಲ ನಿಜವಾಗಿ.

ಮಾರ್ಚ್ 28, ಗುರುವಾರ

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬೀಗಿತ್ತಿಯೇ ಎತ್ತಿದರು. "ಕೆಲಸದಲ್ಲಿದ್ದಾಳೆ ಇವರೇ. ಸ್ವಲ್ಪ ದಿನ ಬಿಡಿ. ಕ್ಲ್ಯಾಂಪು ಹಾಕಿದ ಮೇಲೆ ಆಗಾಗ ಬಿಚ್ಚಿ ನೋಡ್ಬಾರ್ದು ಅಂತ ನೀವೇ ಅಂದಿದ್ರಲ್ಲ."

ಗ್ಯಾಸ್ ಆರಿಸಿದೆ. ಟಿಕ್ ಹಾಕಲಿಲ್ಲ. ಎದ್ದು ಹೋಗಿ ಕೈಯಿಂದ ಗುಂಡಿ ಮುಟ್ಟಿ ನೋಡಿ ಬಂದೆ.

ಮಾರ್ಚ್ 31, ಭಾನುವಾರ. ಬೆಳಿಗ್ಗೆ 11.05, ಮಗಳ ಮನೆ

ಕ್ಲ್ಯಾಂಪ್ ಬಿಚ್ಚಿ ಹಲಗೆ ಜೋಡಿಸಿ ಆಯಿತು. ಕೊಡತಿಯಿಂದ ಹನ್ನೆರಡೂ ಹೊಡೆದೆವು. ಗಟ್ಟಿ. ನಾನು ಮೂಲೆಯ ಕುರ್ಚಿಯಲ್ಲಿ. ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ.

ಪಟಾಕಿ ಏಣಿಗೆ ಕಾಲಿಟ್ಟಳು. ಮಗಳು ತೋಳು ಹಿಡಿದು ನಿಲ್ಲಿಸಿದಳು. "ಇರು. ಮೊದಲು ದೊಡ್ಡೋರು ಯಾರಾದ್ರೂ."

ಎಲ್ಲರೂ ಇವರನ್ನು ನೋಡಿದರು. ಇವರು ಮಂಡಿ ಮುಟ್ಟಿಕೊಂಡರು.

"ಸರೀರಿ" ಅಂದರು ಬೀಗಿತ್ತಿ. ಚಪ್ಪಲಿ ಬಿಟ್ಟು ಏಣಿ ಹಿಡಿದೇಬಿಟ್ಟರು, ಅರವತ್ತಮೂರು ವರ್ಷದ ಹೆಂಗಸು. ಒಂದು ಮೆಟ್ಟಿಲು. ಎರಡು. ಅಯ್ಯೋ. ಮೂರು. ಕಿರ್ ಅಂತು — ಇಲ್ಲ, ಅದು ನನ್ನ ಕುರ್ಚಿ. ನಾಲ್ಕು. ಮೇಲೆ ಹೋದರು. ಉದ್ದಕ್ಕೆ ಮಲಗಿದರು. ಎರಡನೇ ಜಾಯಿಂಟಿನ ಕಡೆಗೇ ತಲೆ ಇಟ್ಟು, ಬೇಕಂತಲೇ. ಹೊರಳಿದರು. ಚಿಟಿಕೆ ಚಪ್ಪಾಳೆ ತಟ್ಟಿತು.

ಮಂಚ ಸದ್ದು ಮಾಡಲಿಲ್ಲ. ನನ್ನ ಉಸಿರು ಇನ್ನೂ ಹೊರಗೆ ಬಂದಿಲ್ಲ.

ಮೇಲಿಂದ ದನಿ: "ಅಲ್ಲೇ ಕೂತು ಬರೆದ್ರೆ ಮಂಚ ಗಟ್ಟಿ ಆಗತ್ತಾ ಇವರೇ? ಬನ್ನಿ ಮೇಲೆ." ಪಕ್ಕದ ಹಲಗೆಯನ್ನು ಅಂಗೈಯಲ್ಲಿ ತಟ್ಟುತ್ತಿದ್ದಾರೆ.

"ಇಬ್ಬರ ಭಾರ…" ಅಂದೆ.

"ನಾಲ್ಕು ಕೋತಿ ಕುಣಿದಾಗ ಅಂಟಿಲ್ದೆ ತಡೀತು. ಈಗ ಅಂಟಿದೆ, ಗೂಟ ಇದೆ. ಮಾಡಿದೋರೇ ಹತ್ತದಿದ್ರೆ ಮಕ್ಕಳನ್ನ ಹೆಂಗೆ ಹತ್ತಿಸೋದು?"

ನಾನು ಮಾಡಿದ ಯಾವುದರ ಮೇಲೂ ನಾನು ಮೊದಲು… ಎರಡನೆಯವಳಾಗಿ ಹತ್ತಲೂ ಧೈರ್ಯ ಸಾಲದೆ ಬರೆಯುತ್ತಲೇ ಇದ್ದೇನೆ. ಪಟಾಕಿ ಎಣಿಸಲು ಶುರುಮಾಡಿದ್ದಾಳೆ. ಒಂದು, ಎರಡು, ಮೂರು…

ಮಗಳು ಏಣಿಯ ಹತ್ತಿರ ಬಂದಳು. ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದಳು. ನನ್ನ ಕಡೆ ನೋಡಿದಳು, ಹನ್ನೊಂದು ದಿನದ ಮೇಲೆ ನೇರವಾಗಿ.

"ಬಾಮ್ಮಾ. ನಾನು ಹಿಡ್ಕೊಂಡಿದೀನಿ."

ಅಮ್ಮಾ ಅಂದಳು. ಪೆನ್ನು ಇಟ್ಟು